ಎದೆಯ ಮಟ್ಟಕ್ಕೆ

ಗುರುವಾರ, ಬೆಳಿಗ್ಗೆ ಹತ್ತು
ಆಸ್ಪತ್ರೆಯ ಮೆಟ್ಟಿಲ ಮೇಲೆ

ನನ್ನ ಪುಟ್ಟಿಗೆ,

ಕನಸಿನಲ್ಲಿ ನಿಮ್ಮಪ್ಪ ಗೋಡೆಗೆ ಕಟ್ಟಿದ ಸಾರುವೆ ಮೇಲೆ ನಿಂತು "ಮಟ್ಟ ಎಷ್ಟಿದೆಯೇ?" ಅಂತ ಕೂಗುತ್ತಿದ್ದರು. ನನ್ನ ಕೈಯಲ್ಲಿದ್ದ ಪೈಪಿನಲ್ಲಿ ನೀರೇ ಇರಲಿಲ್ಲ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳ ಅಕ್ಷರ, ಹೇಗೋ ಓದಿಕೋ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಮತ್ತೆ ಒಳ್ಳೆಯದನ್ನೇ ಹೇಳಿಬಿಡುತ್ತೇನೆ.

ಅಪ್ಪ ಚೇತರಿಸಿಕೊಳ್ಳುತ್ತಿದ್ದಾರೆ, ಪರೀಕ್ಷೆ ಮುಗಿಸಿಕೊಂಡೇ ಬಾ ಅಂತ ನಿನ್ನೆ ಅಂದೆನಲ್ಲ, ಅದು ನಿಜವಲ್ಲ.

ಅವರ ಮಣಿಕಟ್ಟಿನ ರಕ್ತನಾಳಕ್ಕೆ ಸಣ್ಣ ಕೊಳವೆ ಇಳಿಸಿದ್ದಾರೆ. ಅಲ್ಲಿಂದ ನೀರು ತುಂಬಿದ ಪೈಪು ಬಂದು, ಕಂಬಕ್ಕೆ ಸಿಕ್ಕಿಸಿದ ಬೆಂಕಿಪೊಟ್ಟಣದಷ್ಟು ಡಬ್ಬಿಗೆ ಸೇರುತ್ತದೆ. ಬಿಪಿಯ ಸರಾಸರಿ ಗಳಿಗೆಗಳಿಗೆಗೂ ಪರದೆಯ ಮೇಲೆ ಕಾಣುತ್ತದೆ, ಅರವತ್ತೈದಕ್ಕಿಂತ ಕೆಳಗಿರಬಾರದಂತೆ. ನಿನ್ನೆ, ಕಣ್ಣು ಬಿಡದವರ ಕಿವಿಯಲ್ಲಿ ಒಂದು ಮಾತು ಹೇಳೋಣ ಅಂದರೆ ನನ್ನ ಸೊಂಟ ಬಗ್ಗಲಿಲ್ಲ. ಗುಂಡಿ ಒತ್ತಿ ಮಂಚವನ್ನೇ ಒಂದು ಗೇಣು ಎತ್ತಿದೆ. ಆವತ್ತಿನ ಜಗಳದಲ್ಲಿ ತಪ್ಪು ನನ್ನದೇ ಅಂತ ಕಿವಿಯಲ್ಲಿ ಅಂದೆ. ಐವತ್ತೆಂಟು ಇದ್ದದ್ದು ಎಪ್ಪತ್ತನಾಲ್ಕಾಯಿತು! ಆರು ವರ್ಷ ನನ್ನ ಜೊತೆ ಮಾತು ಬಿಟ್ಟವರು, ಕೇಳಿಸಿಕೊಂಡರು ಅಂತ ಓಡಿಬಂದು ನಿನಗೆ ಫೋನ್ ಮಾಡಿದೆ. ಆ ಸಂಖ್ಯೆ ನಂಬಿ ಸಿಸ್ಟರ್ ಬಿಪಿ ಏರಿಸುವ ಔಷಧಿಯನ್ನು ಕಡಿಮೆ ಮಾಡಿದರು.

ಸಂಜೆ ಪಾಳಿಯ ಹಿರಿಯ ಸಿಸ್ಟರ್ ಬಂದವರೇ, "ಮಂಚ ಎತ್ತಿದ್ದು ಯಾರು? ಡಬ್ಬಿ ಎದೆ ಮಟ್ಟಕ್ಕಿರ್ಬೇಕು. ಕೆಳಗಿದ್ರೆ ಸುಮ್‌ಸುಮ್ನೆ ಜಾಸ್ತಿ ತೋರ್ಸುತ್ತೆ" ಅಂದರು. ಸರಿಮಾಡಿದರೆ ಐವತ್ತನಾಲ್ಕು. ಔಷಧಿ ಮತ್ತೆ ಹೆಚ್ಚಿಸಿದರು. "ನೀವಾ ಅಮ್ಮ?" ಅಂದರೆ, ಇಲ್ಲ ಅಂದೆ.

ಗಾರೆ ಮೇಸ್ತ್ರಿಯ ಹೆಂಡತಿ ನಾನು. ಮದುವೆಯ ಹೊಸದರಲ್ಲಿ ನೀರು ತುಂಬಿಸಿ ನೆಲ, ಗೋಡೆ ಸಮ ನೋಡುವ ಅವರ ಮಟ್ಟದ ಪೈಪಿನ ಇನ್ನೊಂದು ತುದಿ ಹಿಡಿಯುತ್ತಿದ್ದವಳು. ಕೈ ಅಲುಗಿದರೆ ಸಾಕು, "ಮಹಾರಾಯ್ತಿ, ನಿನ್ನ ಕೈ ನಂಬಿದ್ರೆ ಬಚ್ಚಲ ನೀರು ಒಲೆಗೆ ಹರಿಯುತ್ತೆ" ಅಂತ ರೇಗುತ್ತಿದ್ದರು. ಇಷ್ಟು ಗೊತ್ತಿದ್ದೂ ಹೊಳೆಯಲಿಲ್ಲ.

ಇವತ್ತು ಬೆಳಿಗ್ಗೆ ಹೋಗಿ, ಎತ್ತಿದ್ದು ನಾನೇ ಅಂತ ಒಪ್ಪಿಕೊಂಡೆ. ಬೆಳಗಿನ ಪಾಳಿಯ ಸಿಸ್ಟರ್ ಬೈಯಲಿಲ್ಲ. "ಮಗಳನ್ನ ಇವತ್ತೇ ಕರೆಸಿ" ಅಂದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಪಕ್ಕದ ಮನೆ ಡ್ರೈವರ್ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಅದೇ ಗಾಡಿ ಹತ್ತಿ ಬಾ. ಪರೀಕ್ಷೆ ಇನ್ನೊಂದು ವರ್ಷಕ್ಕೂ ಬರುತ್ತದೆ.

ನಿನ್ನ,
ಅಮ್ಮ

ತಾ.ಕ.: ಬೆಳಿಗ್ಗೆ ಸಿಸ್ಟರ್ ಮಟ್ಟ ನೋಡಿ ಹೋದ ಮೇಲೆ, ಏನನ್ನೂ ಮುಟ್ಟದೆ ಕೈಕಟ್ಟಿ ನಿಂತು, ಪುಟ್ಟಿ ಬರುತ್ತಾಳೆ ಅಂದೆ. ಐವತ್ತಾರು ಇದ್ದದ್ದು ಐವತ್ತೊಂಬತ್ತಾಯಿತು. ಯಾರಿಗೂ ಹೇಳಿಲ್ಲ. ನೀನು ಬಂದ ಕೂಡಲೇ ಆ ಡಬ್ಬಿ ಎದೆಯ ಮಟ್ಟಕ್ಕಿದೆಯಾ ಅಂತ ಇನ್ನೊಂದು ಸಲ ನೋಡು. ಆಮೇಲೆ ಅವರನ್ನು ಮಾತಾಡಿಸು.