ನೀರಿಗೆ ಮೂರು ಕೈ

ಕಂಪಲಾಪುರ
೧೭ ಆಗಸ್ಟ್ ೨೦೨೫, ಭಾನುವಾರ

ಪ್ರೀತಿಯ ಮಗಳು ಪವಿತ್ರಾಳಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದ.

ಕಲ್ಲಿಕೋಟೆಯಲ್ಲಿ ಹೇಗಿದ್ದೀಯವ್ವಾ? ಸೊಂಟನೋವು ಕಡಿಮೆಯಾಯಿತೇ? ನೀನು ನೋಡಿಕೊಳ್ಳುವ ಆ ಅಜ್ಜಿ ಈಗಲಾದರೂ ಹೊತ್ತಿಗೆ ಸರಿಯಾಗಿ ನಿನ್ನನ್ನು ಊಟಕ್ಕೆ ಬಿಡುತ್ತಾರೋ ಇಲ್ಲವೋ? ಇಲ್ಲಿ ನಿನ್ನ ಅವ್ವ, ಅಣ್ಣ ರಘು ಚೆನ್ನಾಗಿದ್ದಾರೆ. ಎರಡನೆಯ ಸಲ ಹೊಗೆಸೊಪ್ಪು ಮುರಿದು ಹದ ಮಾಡಲು ಬ್ಯಾರನ್ ಮನೆಗೆ ಏರಿಸಿದ್ದೇವೆ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ, ಅದಕ್ಕೇ ಈ ಕಾಗದ.

ನಿನ್ನ ಮಗಳು ರಮ್ಯಶ್ರೀಗೆ ಕಿವಿಯ ಜೊತೆ ಬುದ್ಧಿಯೂ ಇಲ್ಲ, ಶಾಲೆ ಬಿಡಿಸೋಣ ಎಂದು ನಾನೇ ಹೇಳಿದ್ದೆನಲ್ಲ? ಮೊನ್ನೆ ಬುಧವಾರ ಪಿರಿಯಾಪಟ್ಟಣದ ಕಿವುಡು ಮಕ್ಕಳ ಶಾಲೆಗೆ ಅವಳ ಹೆಸರು ತೆಗೆಸಲೆಂದೇ ಹೋದೆ. ಸಂಘಮಿತ್ರ ಮೇಡಂ ನನ್ನನ್ನು ಕೂರಿಸಿ, ರಮ್ಯಳ ಮುಂದೆ ಚಿತ್ರದ ಕಾರ್ಡುಗಳನ್ನು ಹರಡಿ, ಕೈಸನ್ನೆ ಶುರುಮಾಡಿದರು. ಮೇಡಂ ಕೈ ಇನ್ನೂ ಅರ್ಧಕ್ಕೆ ಏಳುವಷ್ಟರಲ್ಲಿ ಇವಳು ಚಿತ್ರ ಎತ್ತಿ ಕೊಟ್ಟಳು ಕಣವ್ವಾ! ಮರ, ಹಸು, ಬಸ್ಸು, ಮಳೆ, ಒಂದೂ ತಪ್ಪಲಿಲ್ಲ. ಒಮ್ಮೆ ಮಾತ್ರ ಎರಡು ಚಿತ್ರಗಳ ನಡುವೆ ತಡವರಿಸಿದಳು. ಆ ಎರಡು ಸನ್ನೆಗಳೂ ಕೆನ್ನೆಯ ಹತ್ತಿರವೇ ಶುರುವಾಗುತ್ತವಂತೆ. ಮೇಡಂ ಬೆರಳು ಅಲುಗಿದ್ದೇ ತಡ, ಸರಿಯಾದದ್ದನ್ನೇ ಹಿಡಿದಳು.

"ಮತ್ತೆ ಮನೇಲಿ ನೀರು ಅಂದ್ರೆ ಮಿಕಮಿಕ ನೋಡ್ತಾಳಲ್ಲ ತಾಯಿ?" ಎಂದೆ. ಯಾರು ಹೇಗೆ ತೋರಿಸುತ್ತೀರಿ ಎಂದು ಕೇಳಿದರು. ನಾನು ಹೆಬ್ಬೆರಳನ್ನು ಬಾಯಿಗೆತ್ತುತ್ತೇನೆ, ನಿನ್ನ ಅವ್ವ ಬೊಗಸೆ ಒಡ್ಡುತ್ತಾಳೆ, ರಘು ನಲ್ಲಿ ತಿರುಗಿಸುತ್ತಾನೆ. ಸೊಪ್ಪು ಕಟ್ಟುವ ದಿನಗಳಲ್ಲಂತೂ ಯಾರಿಗೂ ಕೈ ಬಿಡುವಿಲ್ಲ, ಬರೀ ಗದ್ದ ಅಲ್ಲಾಡಿಸುತ್ತೇವೆ. "ಒಂದೇ ಮಾತ್ನ ಒಬ್ಬೊಬ್ರು ಒಂದೊಂದ್ ಥರ ಏಳುದ್ರೆ ಕಿವಿ ಇರೋ ಮಗೂನೂ ಪೆದ್ದಾಯ್ತದೆ ಕಣ್ರೀ" ಎಂದರು. ಅವಳನ್ನು ಪೆದ್ದಿ ಎಂದ ಬಾಯಿ ನನ್ನದೇ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಹಾಗಾಯಿತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಹೆಸರು ತೆಗೆಸಲಿಲ್ಲ ಮಗಳೇ. ಇನ್ನು ಪ್ರತಿ ಭಾನುವಾರ ನಾವು ಮೂವರೂ ಅಲ್ಲಿ ಸನ್ನೆ ಕಲಿಯಲು ಹೋಗುತ್ತೇವೆ, ಇವತ್ತು ಮೊದಲ ಪಾಠ ಮುಗಿಸಿ ಬಂದೆವು. ನಿನ್ನ ಅವ್ವ ನನಗಿಂತ ಚುರುಕು, ಆಗಲೇ ನನ್ನನ್ನು ತಿದ್ದುತ್ತಾಳೆ.

ಮೈ ಹುಷಾರು. ಅವ್ವ ನಿನ್ನನ್ನು ಬಹಳ ಕೇಳಿದಳು.

ಇಂತಿ ನಿನ್ನ ಅಪ್ಪ,
ಚಲುವಯ್ಯ

ಮರೆತಿದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಅವತ್ತು ಮೇಡಂ 'ಅಮ್ಮ' ಎಂಬ ಸನ್ನೆ ಮಾಡಿದಾಗ ರಮ್ಯ ಯಾವ ಚಿತ್ರವನ್ನೂ ಎತ್ತಲಿಲ್ಲ. ನನ್ನ ಜೇಬಿನಲ್ಲಿದ್ದ ನಿನ್ನ ಫೋಟೋ ಕೊಟ್ಟೆ. ಮೇಡಂ ಅದನ್ನು ತೋರಿಸಿ, ಇದು ಯಾರು ಎಂದು ಕೇಳಿದರು. ಮಗು ನಗುನಗುತ್ತಾ ಕೈಯೆತ್ತಿ ಟಾಟಾ ಮಾಡಿತು. ಮೂರು ಸಲ ಕೇಳಿದರು, ಮೂರು ಸಲವೂ ಅದೇ. ನೀನು ಬಸ್ಸು ಹತ್ತುವಾಗಲೆಲ್ಲ ನಾವು ಕಲಿಸಿದ್ದನ್ನೇ ಅವಳು ನಿನ್ನ ಹೆಸರು ಎಂದುಕೊಂಡಿದ್ದಾಳೆ. ದಸರಾದವರೆಗೆ ಕಾಯಬೇಡ, ಬಂದುಬಿಡವ್ವಾ.