ಹಡಗು ಹತ್ತಬೇಡ, ಯೂಫನ್ ಅಕ್ಕಾ

ಫೈಫ್ ಕರಾವಳಿ, ಸ್ಕಾಟ್ಲೆಂಡ್
ಸೆಪ್ಟೆಂಬರ್ ೧೬೪೯

ಪ್ರೀತಿಯ ಯೂಫನ್ ಅಕ್ಕನಿಗೆ,

ಹಾಲೆಂಡಿನಿಂದ ನೀನು ಬರೆದ ಕಾಗದ ತಲುಪಿತು. ಮಗುವನ್ನು ಅಮ್ಮನಿಗೆ ತೋರಿಸಲು ಮುಂದಿನ ಹಡಗಿಗೇ ಹೊರಡುತ್ತೇನೆ ಎಂದಿದ್ದೀಯ. ಬರಬೇಡ. ಅಮ್ಮ ಇಲ್ಲ. ಹೋದ ತಿಂಗಳು ಮಾಟಗಾತಿಯೆಂದು ಅವಳ ಕತ್ತು ಬಿಗಿದು ಕೊಂದು, ದೇಹವನ್ನು ಕಡಲ ದಂಡೆಯಲ್ಲಿ ಸುಟ್ಟರು.

ಆದದ್ದಿಷ್ಟೇ. ದೋಣಿಯ ಗಿಲ್ಬರ್ಟ್ ಅಮ್ಮನ ಬುಟ್ಟಿಗೆ ಕೊಳೆತ ಮೀನು ಸುರಿದ. "ನಿನ್ ಬಲೆಗೆ ಬರೀ ಪಾಚಿ ಬೀಳ್ಲಿ ಕಣೋ!" ಎಂದು ಇವಳು ಬೈದಳು. ಅವಳ ಬಾಯಿ ನಿನಗೆ ಗೊತ್ತಲ್ಲ, ಬೆಳಿಗ್ಗೆ ತಾನು ಬೈದವರನ್ನೇ ಸಂಜೆ ಕರೆದು ಗಂಜಿ ಕೊಡುತ್ತಿದ್ದಳು. ಆ ವಾರವೇ ಅವನ ದೋಣಿ ಮುಳುಗಿ ಮೂವರು ಸತ್ತರು.

ಚರ್ಚಿನ ಹಿರಿಯರು ಅವಳನ್ನು ಗಂಟೆಗೋಪುರದಲ್ಲಿ ಕೂಡಿಹಾಕಿ ನಾಲ್ಕು ದಿನ ರೆಪ್ಪೆ ಮುಚ್ಚಲು ಬಿಡಲಿಲ್ಲ. ತೂಕಡಿಸಿದರೆ ಸೂಜಿ ಚುಚ್ಚುತ್ತಿದ್ದರು. ಐದನೆಯ ದಿನ ನನ್ನನ್ನು ಕರೆಸಿದರು. ಸೈತಾನನನ್ನು ಕಂಡೆಯಾ, ದೋಣಿ ಮುಳುಗಿಸಿದೆಯಾ, ಕೇಳಿದ್ದಕ್ಕೆಲ್ಲ ಅಮ್ಮ ಹೂಂ ಅನ್ನುತ್ತಿದ್ದಳು.

"ಜೊತೆಗ್ಯಾರಿದ್ರು ಹೇಳೇ ಮುದುಕಿ. ಈ ಮಗಳಾ?" ಎಂದರು ಪಾದ್ರಿ.

ಅಮ್ಮ ನನ್ನನ್ನು ನೋಡಿದಳು.

"ಅಯ್ಯೋ, ಇವಳಿಗೇನ್ ಬರತ್ತೆ? ಒಂದ್ ಬಲೆ ನೆಟ್ಟಗೆ ಹೊಲಿಯೋಕೂ ಬರಲ್ಲ. ದೊಡ್ಡವಳಿದ್ಲು, ಯೂಫನ್. ರಾತ್ರಿ ಕಡಲ ಮೇಲೆ ಹಾರಿ ಬರ್ತಿದ್ಲು."

ಕಡಲಾಚೆ ಇರುವ ನೀನು ಅವರ ಕೈಗೆ ಸಿಗಲಾರೆ ಎಂದೇ ನಿನ್ನ ಹೆಸರು ಹೇಳಿದಳು, ಅಕ್ಕ. ನೀನು ಬರುತ್ತೀಯೆಂದು ಅವಳಿಗೇನು ಗೊತ್ತು? ಅಲ್ಲ ಎಂದು ನಾನಾದರೂ ಹೇಳಬಹುದಿತ್ತು. ಹೇಳಲಿಲ್ಲ. ಬದುಕಿದೆನಲ್ಲ ಎಂದು ಉಸಿರು ಬಿಟ್ಟೆ.

ಈಗ ಬೀದಿಯಲ್ಲಿ ಎಲ್ಲರೂ ನಗುತ್ತಲೇ ಕೇಳುತ್ತಾರೆ, "ಅಕ್ಕ ಯಾವಾಗ ಬರ್ತಾಳಮ್ಮಾ?" ನೀನು ಬಂದಿಳಿದರೆ ಹಿಡಿಯಲು ಕಾದಿದ್ದಾರೆ. ನಿನ್ನ ಕಾಗದ ಬಂದದ್ದನ್ನು ಬಂದರಿನಲ್ಲಿ ಯಾರೋ ನೋಡಿದ್ದರು. ಭಾನುವಾರ ಚರ್ಚಿನಲ್ಲಿ ಎಲ್ಲರೆದುರು ಪಾದ್ರಿ, "ಏನಂತೆ ಕಾಗದದಲ್ಲಿ?" ಎಂದರು. ಎದ್ದು ನಿಂತೆ. ನೀನು ಹೆರಿಗೆಯಲ್ಲಿ ತೀರಿಕೊಂಡೆಯೆಂದು ನಿನ್ನ ಗಂಡ ಬರೆದಿದ್ದಾನೆ ಎಂದು ಸುಳ್ಳು ಹೇಳಿದೆ. ಆಮೇಲೆ ಬಿಕ್ಕಿ ಬಿಕ್ಕಿ ಅತ್ತೆ. ಅಮ್ಮನಿಗಾಗಿ ಅಳಲು ಹೆದರಿ ತಡೆದಿಟ್ಟದ್ದೆಲ್ಲ ಅಂದು ಬಂತು. ಅವರು ನಂಬಿದರು.

ಉಪ್ಪಿನ ಹಡಗಿನ ನಾವಿಕನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ನೀನು ಹಡಗು ಹತ್ತುವ ಮೊದಲು ಸಿಕ್ಕರೆ ಸಾಕು. ಓದಿ ಸುಟ್ಟುಬಿಡು, ಉತ್ತರ ಬರೆಯಬೇಡ. ಸತ್ತವಳ ಕಾಗದ ಈ ಊರಿಗೆ ಬಂದರೆ ಮುಂದಿನ ಸೌದೆ ನನಗೇ.

ಮಗು ಅಲ್ಲಿಯ ಮಾತನ್ನೇ ಕಲಿಯಲಿ. ನೀನು ಮುದುಕಿಯಾಗುವ ತನಕ ಬಾಳು, ಅಕ್ಕ. ದೇವರು ನಿನ್ನನ್ನು ಅಲ್ಲೇ ಇಟ್ಟಿರಲಿ.

ನಿನ್ನ ತಂಗಿ,
ಬೀಟ್ರಿಕ್ಸ್