ಹಗ್ಗ ಕತ್ತರಿಸದ ದಿನ

ತೆತ್ಸುಜಿ ಅಣ್ಣ,

ಇವತ್ತು ಬಂದರಿನ ಗಾಳದೋಣಿಗಳ ಸಂಘದಲ್ಲಿ ಜಗಳವಾಡಿ ಬಂದೆ. ಸಂಘಕ್ಕೆ ಐವತ್ತು ತುಂಬಿತೆಂದು ಅದರ ಚರಿತ್ರೆ ಅಚ್ಚು ಹಾಕಿಸುತ್ತಿದ್ದಾರೆ. ಟ್ಯೂನಾ ಮೀನಿಗೆ ಒಳ್ಳೆಯ ಬೆಲೆ ಸಿಗಲೆಂದು ಹಿರಿಯರು ಅಕ್ಕಿಯ ಮದ್ಯ ಸಾಕೆ ಕುಡಿದು ಒಂದಾದರಂತೆ! ಅಧ್ಯಕ್ಷರು ಹಾಗೆ ಓದುತ್ತಿದ್ದಂತೆ ಎದ್ದು ನಿಂತೆ.

"ಸುಳ್ಳು. ನಮ್ಮಣ್ಣನ ಸಮೇತ ದೋಣಿ ಮುಳುಗಿತಲ್ಲ, ಅದಕ್ಕೇ ಈ ಸಂಘ ಹುಟ್ಟಿದ್ದು. ರೇಡಿಯೋದಲ್ಲಿ ಆ ದೋಣಿಯವರು ಕೂಗಿದ್ದು ಎಲ್ಲರಿಗೂ ಕೇಳಿಸಿತ್ತು. ಮೈಲಿಗಟ್ಟಲೆ ಬಿಟ್ಟಿದ್ದ ಗಾಳದ ಹಗ್ಗ ಕತ್ತರಿಸಿ ನೆರವಿಗೆ ಓಡೋಕೆ ಯಾರಿಗೂ ಮನಸ್ಸು ಬರಲಿಲ್ಲ. ಮೊದಲು ಹಗ್ಗ ಎಳ್ಕೊಂಡು ಆಮೇಲೆ ಬರ್ತೀವಿ ಅಂದ್ರು. ಕೂಗು ಕೇಳಿದ ಕೂಡ್ಲೆ ಹಗ್ಗ ಕತ್ತರಿಸ್ಬೇಕು ಅಂತ ಮೊದಲನೇ ನಿಯಮ ಮಾಡಿದ್ದು ಮತ್ಯಾಕೆ?"

ಅಪ್ಪನ ದೋಣಿಯಲ್ಲೇ ದುಡಿದ ಮುದುಕ ಇಸೊಕಾವಾ ಚಹಾದ ಬಟ್ಟಲು ಕೆಳಗಿಟ್ಟರು.

"ಸುಮ್ನಿರಮ್ಮ ಮಿತ್ಸುಯೊ. ಎಲ್ಲರಿಗಿಂತ ಹತ್ರ ಇದ್ದದ್ದು ಯಾರ ದೋಣಿ ಅಂತಾನೂ ಬರೀಬೇಕಾಗುತ್ತೆ."

"ಬರೀರಿ. ನಮ್ಮಪ್ಪನ ಹೆಸರೇ ಮೊದಲು ಬರಲಿ."

ಹಾಗೇ ಬರೆಯೋಣವೆಂದು ಮೊದಲು ಕೈಯೆತ್ತಿದವರು ಇಸೊಕಾವಾ ಅವರೇ.

ಅಪ್ಪನ ಮೇಲೆ ಮುನಿಸಿಕೊಂಡು ನೀನು ಬೇರೆಯವರ ದೋಣಿ ಹತ್ತಿದ್ದೆ. ಕೂಗಿದ್ದು ನಿನ್ನ ದೋಣಿಯೆಂದು ಅಪ್ಪನಿಗೆ ಗೊತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಆ ನಿಯಮ ಬೇಕೆಂದು ಹಟ ಹಿಡಿದವರು ಮಾತ್ರ ಅವರೇ. ಅಲ್ಲಿಂದಾಚೆ ಸಮುದ್ರಕ್ಕೆ ಹೋದಾಗಲೆಲ್ಲ, ಹಗ್ಗ ಬಿಡುವ ಜಾಗದಲ್ಲಿ ಕೈಗೆಟುಕುವಂತೆ ಒಂದು ಕೊಡಲಿ ಇಟ್ಟುಕೊಂಡೇ ನಿಲ್ಲುತ್ತಿದ್ದರಂತೆ. ಒಂದು ಸಲವೂ ಅದನ್ನು ಎತ್ತುವ ಸಂದರ್ಭ ಬರಲಿಲ್ಲ.

ಅಪ್ಪ ಹೋದ ಮೇಲೆ ಅದನ್ನು ಮಸೆದಿಡುತ್ತಿರುವವಳು ನಾನು.